ವಾರಕ್ಕೆ ಎರಡು ಸಲ ಓಡೋ ಅಂಬಾಸಡರ್, ತಿಂಗಳಿಗೊಂದು ಸಲ ಬ್ಯಾಟರಿ ಡೌನ್. ಏನ್ಮಾಡ್ಲಿ?

ಕುವೆಂಪುನಗರದ ಅಂಬಿ

ಎಲ್ಲರಿಗೂ ನಮಸ್ಕಾರ. ಅಪ್ಪ ಕೊಂಡ 1968ರ ಮಾರ್ಕ್ 2 ಅಂಬಾಸಡರ್ ಇನ್ನೂ ನಮ್ಮನೇಲಿದೆ. ಅದೇ 1489 ಸಿಸಿ ಪೆಟ್ರೋಲ್ ಎಂಜಿನ್, ಬ್ಯಾಟರಿ ಚಾರ್ಜ್ ಮಾಡೋ ಅದೇ ಡೈನಮೊ, ಅದನ್ನ ಬ್ಯಾಟರಿಗೆ ಕೂಡಿಸಿ ಬಿಡಿಸೋ ಅದೇ ಕಟೌಟ್ ಸ್ವಿಚ್. ಅರ್ತ್ (ಬಾಡಿಗೆ ಸೇರೋ ಬ್ಯಾಟರಿ ತುದಿ) ಮಾತ್ರ ನೆಗೆಟಿವ್‌ಗೆ ತಿರುಗಿಸಿದೆ. ಬ್ಯಾಟರಿ 12 ವೋಲ್ಟ್, 60 ಎಎಚ್ (ಆಂಪಿಯರ್ ಅವರ್).

ಗಾಡಿ ಓಡೋದು ಎಷ್ಟು ಅಂದ್ರೆ, ಶನಿವಾರ ಸಂಜೆ ಅಮ್ಮನ್ನ ದೇವಸ್ಥಾನಕ್ಕೆ ಕರ್ಕೊಂಡು ಹೋಗಿ ಬರೋದು, ಭಾನುವಾರ ಬೆಳಿಗ್ಗೆ ತರಕಾರಿ. ಒಂದೊಂದು ಸಲಕ್ಕೆ ಮೂರ್ನಾಕು ಕಿಲೋಮೀಟರ್. ಮೂವತ್ತರ ಮೇಲೆ ಸ್ಪೀಡೇ ಹೋಗಲ್ಲ, ದಾರಿಯುದ್ದಕ್ಕೂ ಸಿಗ್ನಲ್. ಮೂರು ವಾರ ಸರಿಯಾಗಿರುತ್ತೆ, ನಾಲ್ಕನೇ ವಾರ ಸೆಲ್ಫ್ ಹೊಡೆದ್ರೆ ಗೊರ್... ಗೊರ್... ಟಕ್. ಅಷ್ಟೇ. ಅಂಗಡಿಗೆ ಹೊತ್ಕೊಂಡು ಹೋಗಿ ಚಾರ್ಜಿಗೆ ಹಾಕಿಸ್ತೀನಿ, ಮತ್ತೆ ಅದೇ ಕಥೆ. ಎರಡು ವರ್ಷದಲ್ಲಿ ಇದು ಎರಡನೇ ಬ್ಯಾಟರಿ. ಅಂಗಡಿಯವರು "ಇದೂ ಹೋಗಿದೆ ಸಾರ್, ಹೊಸದು ಹಾಕ್ಬಿಡಿ" ಅಂತಿದಾರೆ.

ಹೋದ ಆಯುಧಪೂಜೆ ದಿನ ಕುಂಬಳಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಸೆಲ್ಫ್ ಹೊಡೆದ್ರೆ ಉಸಿರೇ ಇಲ್ಲ. ಬೀದಿ ಹುಡುಗರನ್ನ ಕರೆದು ತಳ್ಳಿಸಿ ನಿಂಬೆಹಣ್ಣು ಹತ್ತಿಸಿದ್ವಿ. ಅಮ್ಮ ಇವತ್ತಿಗೂ ಹೇಳ್ಕೊಂಡು ನಗ್ತಾರೆ.

ಪ್ರಶ್ನೆ ಇಷ್ಟೇ. ದಿನಾ ಹತ್ತು ನಿಮಿಷ ಗೇಟಿನೊಳಗೇ ಸ್ಟಾರ್ಟ್ ಮಾಡಿ ಬಿಡ್ತಿದೀನಿ, ಅದರಿಂದ ಚಾರ್ಜ್ ಆಗುತ್ತಾ?

ಹುಬ್ಬಳ್ಳಿ ಹ್ಯಾಂಡಲ್

ಅಣ್ಣಾರ, ಹೊಸಾ ಬ್ಯಾಟರಿಗೆ ರೊಕ್ಕಾ ಸುರಿಯೋಕಿಂತ ಮೊದಲ ಟರ್ಮಿನಲ್ ಬಿಚ್ಚಿ ನೋಡ್ರಿ. ಬಿಳೇದು ಹಸರು ಬೂಷ್ಟ ಹಿಡದಿರತೈತಿ. ಬಿಸಿ ನೀರಾಗ ಅಡಗಿ ಸೋಡಾ ಕಲಸಿ ಹಾಕ್ರಿ, ಬುರುಬುರು ನೊರಿ ಬಂದು ಎಲ್ಲಾ ಬಿಡತೈತಿ. ಒರೆಸಿ, ಬಿಗಿ ಮಾಡಿ, ಮ್ಯಾಲ ಒಂದೀಟು ವ್ಯಾಸಲಿನ್ ಸವರ್ರಿ. ಸೋಡಾ ನೀರು ಸೆಲ್ ಒಳಗ ಹೋಗಬಾರದು ನೋಡ್ರಿ ಮತ್ತ, ಮುಚ್ಚಳ ಗಟ್ಟಿ ಇರ್ಲಿ.

ಎಂಜಿನ್‌ನಿಂದ ಬಾಡಿಗೆ ಬರೋ ಜಡಿಯಂಥಾ ಅರ್ತ್ ಪಟ್ಟಿನೂ ನೋಡ್ರಿ. ನನ್ನ ಗಾಡ್ಯಾಗ ಅದರ ಎಳಿ ಅರ್ಧ ಹರದಿದ್ವು. ಬ್ಯಾಟರಿ ಫುಲ್ ಇದ್ರೂ ಸೆಲ್ಫ್ ಎಳೀತಿರಲಿಲ್ಲ. ಅದಕ ಎರಡ ಬ್ಯಾಟರಿ ಬಲಿ ಕೊಟ್ಟೀನ್ರಿ ನಾ.

ಜೆಪಿ ನಗರ ಬೇಸ್‌ಮೆಂಟ್

ನನ್ನದೂ ಇದೇ ಗೋಳು. ಮನೇಲಿ ಇನ್ವರ್ಟರ್ ಇದೆಯಲ್ಲ, ರಾತ್ರಿ ಅದರ ಬ್ಯಾಟರಿ ವೈರ್ ಬಿಚ್ಚಿ ಕಾರಿನ ಬ್ಯಾಟರಿಗೆ ಹಾಕಿದ್ರೆ ಆಗಲ್ವಾ? ಅದೂ 12 ವೋಲ್ಟೇ ತಾನೇ?

ಬಸವನಗುಡಿ ರಾಯರು

ಮೊದಲು ಇನ್ವರ್ಟರ್ ವಿಷಯ: ಬೇಡ. ಅದು 150 ಎಎಚ್ ಟ್ಯೂಬುಲರ್ ಬ್ಯಾಟರಿಗೆ ಲೆಕ್ಕ ಹಾಕಿ ಮಾಡಿದ್ದು, ಹತ್ತು ಹದಿನೈದು ಆಂಪಿಯರ್ ತಳ್ಳುತ್ತದೆ. ಕಾರಿನ ಬ್ಯಾಟರಿಗೆ ಎಎಚ್‌ನ ಹತ್ತನೇ ಒಂದು ಭಾಗ ಸಾಕು. 35ಕ್ಕೆ ಮೂರೂವರೆ, 60ಕ್ಕೆ ಆರು. ಹೆಚ್ಚು ತಳ್ಳಿದರೆ ಆಸಿಡ್ ಕುದಿಯುತ್ತದೆ, ಪ್ಲೇಟ್ ಉದುರುತ್ತದೆ.

ಇನ್ನು ಅಂಬಿಯವರ ಪ್ರಶ್ನೆಗೆ. ನಿಂತಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಚಾರ್ಜ್ ಆಗುವುದಿಲ್ಲ, ಖರ್ಚಾಗುತ್ತದೆ! ನಿಮ್ಮದು ಡೈನಮೊ ಗಾಡಿ. ಈಗಿನ ಗಾಡಿಗಳಲ್ಲಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಂಡವರಿಗೆ ಇದು ನಂಬಲಿಕ್ಕೆ ಕಷ್ಟ. ಎಂಜಿನ್ ಐಡಲ್‌ನಲ್ಲಿ ಐನೂರು ಆರುನೂರು ಸುತ್ತು ತಿರುಗುವಾಗ ಡೈನಮೊ ಸಾವಿರವನ್ನೂ ಮುಟ್ಟುವುದಿಲ್ಲ. ಕಟೌಟ್ ಕೂಡಬೇಕಾದರೆ ಡೈನಮೊ ಹದಿಮೂರು ವೋಲ್ಟಿನ ಆಸುಪಾಸಿಗೆ ಬರಬೇಕು. ಅಲ್ಲಿಯವರೆಗೆ ಇಗ್ನಿಷನ್ನಿನ ಕೆಂಪು ದೀಪ ಮಿಣುಕುತ್ತಲೇ ಇರುತ್ತದೆ, ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಬ್ಯಾಟರಿಯಿಂದಲೇ ಕುಡಿಯುತ್ತಿರುತ್ತದೆ. ಐಡಲ್‌ನಲ್ಲಿ ಆ ದೀಪ ಉರಿದರೆ ಗಾಡಿ ಕೆಟ್ಟಿದೆ ಎಂದಲ್ಲ. ಆ ಕಾಲದ ಗಾಡಿಗಳೆಲ್ಲ ಹಾಗೆಯೇ.

ಎಲ್ಲರೂ ಬೈಯುವುದು ಸೆಲ್ಫ್ ಮೋಟಾರನ್ನು. ಪಾಪ, ಅದರದೇನೂ ತಪ್ಪಿಲ್ಲ. ಲೆಕ್ಕ ಹಾಕಿ ನೋಡಿ. ಸೆಲ್ಫ್ 200 ಆಂಪಿಯರ್ ಎಳೆಯಿತು ಎಂದೇ ಇಟ್ಟುಕೊಳ್ಳಿ, ಮೂರು ಸೆಕೆಂಡು. ಒಟ್ಟು 0.17 ಎಎಚ್. ಚಿಲ್ಲರೆ ಕಾಸು. ಅದೇ ಶನಿವಾರ ಸಂಜೆ ಹೆಡ್‌ಲೈಟ್ ಎರಡು, ಹಿಂದಿನ ದೀಪ, ಕಾಯಿಲ್, ಬ್ರೇಕ್ ಮೇಲೆ ಕಾಲಿಟ್ಟಾಗ ಬ್ರೇಕ್ ಲೈಟು, ಎಲ್ಲ ಸೇರಿ ಹತ್ತು ಹನ್ನೆರಡು ಆಂಪಿಯರ್. ಇಪ್ಪತ್ತು ನಿಮಿಷ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳಿದರೆ ಮೂರೂವರೆ ಎಎಚ್ ಹೋಯಿತು. ಅಂದರೆ ಇಪ್ಪತ್ತು ಸಲ ಸೆಲ್ಫ್ ಹೊಡೆದಷ್ಟು. ನಿಮ್ಮ ಬ್ಯಾಟರಿ ತಿನ್ನುತ್ತಿರುವುದು ಸ್ಟಾರ್ಟ್ ಅಲ್ಲ, ಸಿಗ್ನಲ್.

ಇನ್ನೊಂದು ಮಾತು. ಲೆಡ್ ಆಸಿಡ್ ಬ್ಯಾಟರಿ ಮುಕ್ಕಾಲು ಭಾಗದವರೆಗೆ ಗಬಗಬ ತುಂಬಿಕೊಳ್ಳುತ್ತದೆ, ಕೊನೆಯ ಕಾಲು ಭಾಗಕ್ಕೆ ಗಂಟೆಗಟ್ಟಲೆ ಬೇಕು. ರಸ್ತೆ ಮೇಲೆ ಅರ್ಧ ಗಂಟೆಯಲ್ಲಿ ಆ ಕೊನೆಯ ಭಾಗ ತುಂಬುವುದೇ ಇಲ್ಲ. ಅರೆಹೊಟ್ಟೆಯಲ್ಲಿ ತಿಂಗಳುಗಟ್ಟಲೆ ನಿಂತರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜಿಗೆ ಹಾಕಿದರೂ ನಿಲ್ಲುವುದಿಲ್ಲ. ನಿಮ್ಮ ಮೊದಲ ಬ್ಯಾಟರಿ ಸತ್ತಿದ್ದು ಬಹುಶಃ ಹೀಗೆ.

ಈಗ ಒಂದು ಮಲ್ಟಿಮೀಟರ್ ತಗೊಳ್ಳಿ. ಮೂರು ಅಳತೆ ಬೇಕು. ರಾತ್ರಿಯೆಲ್ಲ ನಿಂತ ಮೇಲೆ ಬೆಳಿಗ್ಗೆ ಬ್ಯಾಟರಿ ವೋಲ್ಟೇಜ್. ಗಾಡಿ ಆಫ್ ಇದ್ದಾಗ ಎಷ್ಟು ಆಂಪಿಯರ್ ಸೋರುತ್ತಿದೆ. ಎಂಜಿನ್ ಚೆನ್ನಾಗಿ ರೇಸ್ ಮಾಡಿದಾಗ ಎಷ್ಟು ವೋಲ್ಟ್. ಬಂದು ಹೇಳಿ.

ಕುವೆಂಪುನಗರದ ಅಂಬಿ

ರಾಯರೇ, ಹಾಗಾದ್ರೆ ನಾನು ಆರು ತಿಂಗಳಿಂದ ದಿನಾ ಬೆಳಿಗ್ಗೆ ಕಾಫಿ ಹಿಡ್ಕೊಂಡು ಐಡಲ್‌ನಲ್ಲಿ ಬಿಟ್ಟು ಕೂತಿದ್ದು ಬ್ಯಾಟರಿ ಖಾಲಿ ಮಾಡೋಕಾ? ಪೆಟ್ರೋಲ್ ಬೇರೆ ದಂಡ. ಮೀಟರ್ ತರ್ತೀನಿ.

ಕಂಕನಾಡಿ ಪದ್ಮಿನಿ

ಅಂಬಿಯವರೇ, ಬೇಜಾರು ಮಾಡ್ಬೇಡಿ ಮಾರಾಯ್ರೆ. ನಾನು ಎರಡು ವರ್ಷ ಅದನ್ನೇ ಮಾಡಿದ್ದು. ನನ್ನದು ಪದ್ಮಿನಿ. ಇಲ್ಲಿ ಮಂಗಳೂರಿನ ಸೆಕೆಗೆ, ಉಪ್ಪುಗಾಳಿಗೆ ಬ್ಯಾಟರಿ ಸುಮ್ಮನೆ ನಿಂತ್ರೂ ಇಳೀತದೆ. ಬಿಸಿ ಜಾಸ್ತಿಯಾದಷ್ಟೂ ತನ್ನಿಂದ ತಾನೇ ಇಳಿಯುವುದು ಜಾಸ್ತಿ.

ನಾನು ಈಗ ಮಾಡುವುದು ಇಷ್ಟೇ. ಬ್ಯಾಟರಿಯ ಅರ್ತ್ ಟರ್ಮಿನಲ್‌ಗೆ ಒಂದು ಕಟ್ ಆಫ್ ಸ್ವಿಚ್ ಹಾಕಿದ್ದೇನೆ, ಹಿತ್ತಾಳೆಯದ್ದು, ತಿರುಪು ಇರುವಂಥದ್ದು. ಗಾಡಿ ಶೆಡ್ಡಿಗೆ ಹಾಕಿದ ಕೂಡಲೇ ತಿರುಗಿಸಿ ಬಿಡುವುದು. ಮತ್ತೆ ಶೆಡ್ಡಿನಲ್ಲಿ ಒಂದು ಆಟೋಮ್ಯಾಟಿಕ್ ಚಾರ್ಜರ್ ಉಂಟು. ಫುಲ್ ಆದ ಮೇಲೆ ಅದೇ ಹದಿಮೂರುವರೆ ವೋಲ್ಟಿನ ಹತ್ತಿರ ಇಳಿದು ಸುಮ್ಮನೆ ಕಾಯ್ತಾ ಕೂರ್ತದೆ, ಕುದಿಸುವುದಿಲ್ಲ. ಹಳೇ ಕಾಲದ ಟ್ರಾನ್ಸ್‌ಫಾರ್ಮರ್ ಚಾರ್ಜರ್ ಆದ್ರೆ ಹಾಗೆ ಬಿಟ್ಟು ಹೋಗ್ಲಿಕ್ಕೆ ಆಗುವುದಿಲ್ಲ, ಗೊತ್ತುಂಟಲ್ಲ. ಅದು ತಳ್ತಾನೇ ಇರ್ತದೆ. ಒಮ್ಮೆ ಮದುವೆಗೆಂದು ಕಾಸರಗೋಡಿಗೆ ಹೋದವ ಆಫ್ ಮಾಡ್ಲಿಕ್ಕೆ ಮರೆತೆ. ಎರಡು ದಿನ ಬಿಟ್ಟು ಬಂದು ನೋಡ್ತೇನೆ, ಬ್ಯಾಟರಿ ಹೊಟ್ಟೆ ಉಬ್ಬಿ ಹಲಸಿನ ಹಣ್ಣಿನ ಹಾಗೆ ಆಗಿತ್ತು. ಶೆಡ್ಡಿಡೀ ಆಸಿಡ್ ವಾಸನೆ.

ಚಾರ್ಜ್ ಮಾಡುವಾಗ ಕಿಟಕಿ ತೆರೆದಿಡಿ. ಹೈಡ್ರೋಜನ್ ಬರ್ತದೆ, ಒಂದು ಕಿಡಿ ಸಾಕು. ಶೆಡ್ಡಿನಲ್ಲಿ ದೇವರ ಫೋಟೋ ಇದ್ರೆ ಊದುಬತ್ತಿ ಆ ದಿನ ಬೇಡ.

ಹಳೇ ಗಾಡಿ ಹೊಸ ತಲೆ

ಇಷ್ಟೆಲ್ಲ ಪೂಜೆ ಯಾಕೆ? ಡೈನಮೊ ಕಿತ್ತು ಶೆಲ್ಫ್ ಮೇಲಿಟ್ಟು ಒಂದು ಆಲ್ಟರ್ನೇಟರ್ ಹಾಕ್ಸಿ, ಕಥೆ ಮುಗೀತು. ಜೆ.ಸಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತೆ, ಬ್ರಾಕೆಟ್ ಒಂದು ವೆಲ್ಡ್ ಮಾಡಿದ್ರಾಯ್ತು. ಐಡಲ್‌ನಲ್ಲೇ ಚಾರ್ಜ್. ನಾನು ಹಾಕಿಸಿ ಐದು ವರ್ಷ ಆಯ್ತು, ಬಾನೆಟ್ ಎತ್ತಿಲ್ಲ.

ಬಸವನಗುಡಿ ರಾಯರು

ಐದು ವರ್ಷದಿಂದ ಬಾನೆಟ್ ಎತ್ತಿಲ್ಲ ಎನ್ನುವುದನ್ನು ಹೆಮ್ಮೆಯಿಂದ ಹೇಳಬೇಡಿ ಸ್ವಾಮಿ.

ಹಾಕಿಸುವವರು ಹಾಕಿಸಲಿ, ನನ್ನ ತಕರಾರಿಲ್ಲ. ಆದರೆ ಅರೆಬರೆ ಕೆಲಸ ಬೇಡ. ಈ ಡೈನಮೊ ಹೆಚ್ಚೆಂದರೆ ಇಪ್ಪತ್ತು ಚಿಲ್ಲರೆ ಆಂಪಿಯರ್ ಕೊಡುತ್ತಿತ್ತು, ಆಗಿನ ವೈರು ಅದಕ್ಕೆ ತಕ್ಕ ದಪ್ಪ. ನಲವತ್ತೈದು ಆಂಪಿಯರ್ ಆಲ್ಟರ್ನೇಟರ್ ಕೂರಿಸಿ ಹಳೇ ವೈರಿನಲ್ಲೇ ಕರೆಂಟ್ ಹರಿಸಿದರೆ ವೈರಿಂಗ್ ಸುಟ್ಟೀತು. ಮೇನ್ ವೈರು ದಪ್ಪದ್ದು ಹೊಸದಾಗಿ ಎಳೆಯಬೇಕು. ಪಾಸಿಟಿವ್ ಅರ್ತ್ ಗಾಡಿಯಾದರೆ ಮೊದಲು ಅದನ್ನು ತಿರುಗಿಸಬೇಕು, ಇಲ್ಲದಿದ್ದರೆ ಡಯೋಡುಗಳು ಕಣ್ಣು ಮಿಟುಕಿಸುವುದರೊಳಗೆ ಢಮಾರ್.

ಡೈನಮೊಗೂ ಒಂದು ಒಳ್ಳೆ ಗುಣವಿದೆ. ಬ್ಯಾಟರಿ ಪೂರಾ ಸತ್ತಿದ್ದರೂ ತಳ್ಳಿ ಎಂಜಿನ್ ಎಬ್ಬಿಸಿದರೆ, ಒಳಗೆ ಉಳಿದಿರುವ ಅಯಸ್ಕಾಂತದ ಬಲದಿಂದ ತಾನೇ ಕರೆಂಟ್ ಹುಟ್ಟಿಸಿಕೊಳ್ಳುತ್ತದೆ. ಆಲ್ಟರ್ನೇಟರ್‌ಗೆ ಶುರುವಿಗೆ ಸ್ವಲ್ಪವಾದರೂ ಬ್ಯಾಟರಿಯ ಜೀವ ಬೇಕು.

ಆರ್‌ಸಿ ಬುಕ್

ಆಲ್ಟರ್ನೇಟರ್ ಹಾಕೋ ಮೊದಲು ಒಂದು ವಿಷಯ. 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ಗಾಡಿಯನ್ನ ವಿಂಟೇಜ್ ಅಂತ ಹೊಸದಾಗಿ ನೋಂದಾಯಿಸಿದ್ರೆ ‘ವಿಎ’ ಅಕ್ಷರದ ನಂಬರ್ ಪ್ಲೇಟ್ ಸಿಗುತ್ತೆ. ಅಂಬಿಯವರ 1968ರದ್ದು ಅರ್ಹ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ಹೊಸ ನೋಂದಣಿಗೆ ಇಪ್ಪತ್ತು ಸಾವಿರ ರೂಪಾಯಿ. ಇನ್ನೊಂದು ಮುಖ್ಯ: ವಿಂಟೇಜ್ ನೋಂದಣಿ ಆದ್ಮೇಲೆ ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು, ದಿನಬಳಕೆಗೆ ಇಲ್ಲ. ಅಮ್ಮನ್ನ ದೇವಸ್ಥಾನಕ್ಕೆ ಕರ್ಕೊಂಡು ಹೋಗೋ ಗಾಡಿಗೆ ಅದು ಬೇಕಾ ಅಂತ ಯೋಚ್ನೆ ಮಾಡಿ. ಅಂದ್ರೆ ಕಾನೂನೇ ಗಾಡಿಯನ್ನ ಚಿಕ್ಕ ಓಡಾಟಕ್ಕೆ ಕಟ್ಟಿಹಾಕುತ್ತೆ, ಬ್ಯಾಟರಿ ಸಮಸ್ಯೆ ಇನ್ನೂ ಜಾಸ್ತಿ.

ಲೆಸ್ಟರ್ ಕನ್ನಡಿಗ

ಇಂಗ್ಲೆಂಡಿನಿಂದ ನಮಸ್ಕಾರ. ನನ್ನ ಹತ್ತಿರ 1961ರ ಮೋರಿಸ್ ಮೈನರ್ ಇದೆ. ನಿಮ್ಮ ಅಂಬಿಗೆ ನನ್ನ ಗಾಡಿ ದಾಯಾದಿ ಅನ್ನಬಹುದು, ಯಾಕಂದ್ರೆ ಅಂಬಾಸಡರ್ ಹುಟ್ಟಿದ್ದೇ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ. ಡೈನಮೊ, ಕಟೌಟ್ ಎಲ್ಲ ಲ್ಯೂಕಾಸ್ ಅನ್ನೋ ಬ್ರಿಟಿಷ್ ಕಂಪನಿಯದ್ದೇ, ಆಗಾಗ ಕೈಕೊಡೋದಕ್ಕೇ ಹೆಸರಾದದ್ದು.

ಇಲ್ಲಿ ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು, ಹಾಗಾಗಿ ಯಾವಾಗ ಹೊರಟ್ರೂ ಹೆಡ್‌ಲೈಟ್, ಜೊತೆಗೆ ಹೀಟರ್, ವೈಪರ್. ಹೋಗಿ ಬರೋದು ಸೂಪರ್‌ಮಾರ್ಕೆಟ್‌ಗೆ ಎರಡು ಮೈಲಿ. ರಾಯರ ಲೆಕ್ಕ ನನಗೆ ಅನುಭವದಲ್ಲೇ ಗೊತ್ತು. ನಾನು ಬ್ರೇಕ್ ಲೈಟು, ಹಿಂದಿನ ಲೈಟುಗಳನ್ನ ಎಲ್‌ಇಡಿ ಮಾಡ್ಕೊಂಡೆ. ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿ ನಿಂತಾಗ ಮೂರೂವರೆ ಆಂಪಿಯರ್ ಉಳಿಯುತ್ತೆ. ನನ್ನದು ಪಾಸಿಟಿವ್ ಅರ್ತ್ ಆದ್ದರಿಂದ ಅದಕ್ಕೆ ಹೊಂದೋ ಬಲ್ಬನ್ನೇ ಹುಡುಕಬೇಕಾಯ್ತು, ಮಾಮೂಲಿ ಎಲ್‌ಇಡಿ ಹಾಕಿದ್ರೆ ಉರಿಯೋದೇ ಇಲ್ಲ. ಇಂಡಿಕೇಟರ್ ಮಾತ್ರ ಹಳೇ ಬಲ್ಬೇ ಇಟ್ಟಿದೀನಿ. ಹಳೇ ಫ್ಲಾಷರ್‌ಗೆ ಎಲ್‌ಇಡಿ ಹಾಕಿದ್ರೆ ಅದು ಸರಿಯಾಗಿ ಮಿಟುಕಲ್ಲ.

ಆಲ್ಟರ್ನೇಟರ್ ಬೇಕು, ಆದ್ರೆ ನೋಡೋಕೆ ಹಳೇದರ ಥರ ಇರಬೇಕು ಅನ್ನೋರಿಗೆ ಡೈನಮೊ ಕವಚದೊಳಗೇ ಆಲ್ಟರ್ನೇಟರ್ ಕೂರಿಸಿದ್ದು ಇಲ್ಲಿ ಸಿಗುತ್ತೆ. ದುಬಾರಿ. ನನ್ನ ಹೆಂಡತಿಗೆ ಬೆಲೆ ಹೇಳಿಲ್ಲ, ಕೊಂಡೂ ಇಲ್ಲ.

ಮೋರಿಸ್ ಎಂಟು

ನೀವೆಲ್ಲ 12 ವೋಲ್ಟಿನ ಶ್ರೀಮಂತರು. ನನ್ನ 1937ರ ಮೋರಿಸ್ ಎಂಟಕ್ಕೆ ಆರೇ ವೋಲ್ಟು. ಟರ್ಮಿನಲ್ ಸ್ವಲ್ಪ ಸಡಿಲ ಆದ್ರೂ ಸೆಲ್ಫ್ ಮುನಿಸ್ಕೊಳ್ಳುತ್ತೆ, ಕಳೆದು ಹೋಗೋ ಅರ್ಧ ವೋಲ್ಟು ಆರರಲ್ಲಿ ದೊಡ್ಡದು ನೋಡಿ. ನಾನಂತೂ ಮೆರವಣಿಗೆಗೆ ಹೊರಡೋ ಮೊದಲು ಹ್ಯಾಂಡಲ್ಲೇ ಹೊಡೆಯೋದು. ಹ್ಯಾಂಡಲ್ ಹೊಡೆಯೋರು ಹೆಬ್ಬೆರಳನ್ನ ಹಿಡಿಕೆಗೆ ಸುತ್ತಬಾರದು, ಬೇರೆ ಬೆರಳುಗಳ ಪಕ್ಕದಲ್ಲೇ ಇಟ್ಕೊಳ್ಳಿ. ಎಂಜಿನ್ ಹಿಂದಕ್ಕೆ ಒದ್ರೆ ಮಣಿಕಟ್ಟೇ ಮುರಿಯುತ್ತೆ.

ಮೆರವಣಿಗೆ ಅಂದಾಗ ನೆನಪಾಯ್ತು. ದಸರಾ ಟೈಮಿನ ರ‍್ಯಾಲಿಗಳಲ್ಲಿ ಹದಿನೈದು ಕಿಲೋಮೀಟರ್ ಸ್ಪೀಡಲ್ಲಿ ತೆವಳ್ತಾ ಇರ್ತೀವಲ್ಲ, ಆಗ ಟಾಪ್‌ಗೆ ಹಾಕ್ಬೇಡಿ. ಒಂದು ಗೇರ್ ಕೆಳಗೇ ಇಟ್ಕೊಂಡು ಎಂಜಿನ್ ಸ್ವಲ್ಪ ಹಾಡೋ ಥರ ಓಡಿಸಿ, ಡೈನಮೊ ತಿರುಗಲಿ. ರೇಡಿಯೇಟರ್ ಮೇಲೆ ಒಂದು ಕಣ್ಣಿರಲಿ.

ಕುವೆಂಪುನಗರದ ಅಂಬಿ

ಅಳತೆ ತಂದಿದೀನಿ. ರಾತ್ರಿ ಕಳೆದು ಬೆಳಿಗ್ಗೆ 12.1 ವೋಲ್ಟ್. ಐಡಲ್‌ನಲ್ಲಿ 12.0. ರೇಸ್ ಮಾಡಿದ್ರೂ 12.8 ದಾಟ್ತಿಲ್ಲ, ಹೆಡ್‌ಲೈಟ್ ಹಾಕಿದ್ರೆ 12.3ಕ್ಕೆ ಬರುತ್ತೆ.

ಸೋರಿಕೆ ನೋಡೋಕೆ ಮೀಟರನ್ನ 10 ಆಂಪಿಯರ್‌ಗೆ ಇಟ್ಟು ಬ್ಯಾಟರಿಗೂ ಅರ್ತ್ ವೈರಿಗೂ ಮಧ್ಯೆ ಹಿಡಿದೆ. 35 ಮಿಲಿ ಆಂಪಿಯರ್! ಗಾಡಿ ಪೂರ್ತಿ ಆಫ್. ಒಂದೊಂದೇ ಫ್ಯೂಸ್, ವೈರ್ ತೆಗೆಯುತ್ತಾ ಹೋದೆ. ಕೊನೆಗೆ ಸಿಕ್ಕಿದ್ದು ತಮ್ಮ ಹಾಕಿಸಿದ್ದ ಸ್ಟೀರಿಯೋ. ಅದರ ಹಳದಿ ವೈರು ನೇರ ಬ್ಯಾಟರಿಗೆ ಹೋಗಿದೆ, ಸ್ಟೇಷನ್ ನೆನಪಿಟ್ಕೊಳ್ಳೋಕೆ. ಆ ಸ್ಟೀರಿಯೋ ಹಾಡಿ ಮೂರು ವರ್ಷ ಆಯ್ತು.

ಬಸವನಗುಡಿ ರಾಯರು

ಶಭಾಷ್. 35 ಮಿಲಿ ಆಂಪಿಯರ್ ಎಂದರೆ ದಿನಕ್ಕೆ 0.84 ಎಎಚ್, ವಾರಕ್ಕೆ ಹತ್ತಿರ ಹತ್ತಿರ ಆರು. ಅದರ ಮೇಲೆ ಶನಿವಾರದ ಮೂರೂವರೆ, ದಿನಾ ಬೆಳಗಿನ ನಿಮ್ಮ ಕಾಫಿ ಸೇವೆ ಬೇರೆ. ನಾಲ್ಕನೇ ವಾರಕ್ಕೆ 60 ಎಎಚ್ ಬ್ಯಾಟರಿ ಮಲಗದೆ ಇನ್ನೇನು ಮಾಡೀತು? ಬೆಳಿಗ್ಗೆ 12.1 ಎಂದರೆ ಅರ್ಧಕ್ಕಿಂತ ಕಡಿಮೆ ಇದೆ. ಪೂರ್ತಿ ತುಂಬಿದ್ದರೆ 12.6 ಮೇಲೆ ಇರಬೇಕಿತ್ತು.

ಆದರೆ ನನಗೆ ಹೆಚ್ಚು ಚಿಂತೆ ಆ 12.8ದ್ದು. ರೇಸ್ ಮಾಡಿದಾಗ ಅದು ಹದಿನಾಲ್ಕರ ಹತ್ತಿರ ಹೋಗಬೇಕು. ಮೊದಲು ಫ್ಯಾನ್ ಬೆಲ್ಟ್ ನಡುವೆ ಬೆರಳಿಟ್ಟು ಒತ್ತಿ. ಅರ್ಧ ಇಂಚಿಗಿಂತ ಹೆಚ್ಚು ತಗ್ಗಿದರೆ ಜಾರುತ್ತಿದೆ. ಆಮೇಲೆ ಡೈನಮೊದ ಡಿ ಮತ್ತು ಎಫ್ ವೈರು ಎರಡನ್ನೂ ಕಳಚಿ, ಆ ಎರಡು ಟರ್ಮಿನಲ್ಲುಗಳನ್ನು ಒಂದು ತುಂಡು ವೈರಿನಿಂದ ಜೋಡಿಸಿ, ಮೀಟರಿನ ಒಂದು ತುದಿ ಆ ತುಂಡಿಗೆ, ಇನ್ನೊಂದು ತುದಿ ಬಾಡಿಗೆ ಹಿಡಿಯಿರಿ. ಎಂಜಿನ್ ನಿಧಾನವಾಗಿ ಏರಿಸಿದರೆ ವೋಲ್ಟೇಜ್ ಸರಸರ ಏರಬೇಕು. ಇಪ್ಪತ್ತು ವೋಲ್ಟ್ ದಾಟಿಸಬೇಡಿ. ಅರ್ಧ ಒಂದು ವೋಲ್ಟಿಗೇ ನಿಂತರೆ ಡೈನಮೊ ಒಳಗಿನ ಫೀಲ್ಡ್ ಕಾಯಿಲ್ ಕೆಟ್ಟಿದೆ, ನಾಲ್ಕೈದಕ್ಕೆ ನಿಂತರೆ ಒಳಗೆ ತಿರುಗುವ ಆರ್ಮೇಚರ್. ಚೆನ್ನಾಗಿ ಏರಿದರೆ ಡೈನಮೊ ಗಟ್ಟಿಮುಟ್ಟಾಗಿದೆ, ಕಳ್ಳ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಪೆಟ್ಟಿಗೆಯಲ್ಲಿದ್ದಾನೆ.

ಕುವೆಂಪುನಗರದ ಅಂಬಿ

ಬೆಲ್ಟ್ ಸಡಿಲವೇ ಇತ್ತು, ಬಿಗಿ ಮಾಡಿದೆ. ಡೈನಮೊ ಪರೀಕ್ಷೆ: 18 ವೋಲ್ಟ್ ತನಕ ಜುಮ್ ಅಂತ ಏರ್ತು, ಭಯ ಆಗಿ ಬಿಟ್ಟೆ. ಪೆಟ್ಟಿಗೆ ಮುಚ್ಚಳ ತೆಗೆದು ನೋಡಿದ್ರೆ ಒಂದು ಜೊತೆ ಪಾಯಿಂಟ್ ಕಾಡಿಗೆ ಹಚ್ಚಿದಂಗೆ ಕಪ್ಪಗಿದೆ, ಮಧ್ಯೆ ಒಂದು ಒಣಗಿದ ಇರುವೆ ಬೇರೆ.

ಬಸವನಗುಡಿ ರಾಯರು

ಬ್ಯಾಟರಿ ಕಳಚಿಯೇ ಕೈ ಹಾಕಿ. ಕಪ್ಪಾಗಿರುವುದು ರೆಗ್ಯುಲೇಟರ್ ಪಾಯಿಂಟ್ ಆದರೆ ನುಣುಪು ಸಿಲಿಕಾನ್ ಕಾರ್ಬೈಡ್ ಪೇಪರಿನಲ್ಲಿ ತಿಕ್ಕಿ. ಪಕ್ಕದ ಕಟೌಟ್ ಪಾಯಿಂಟಿಗೆ ಮಾತ್ರ ಅದನ್ನೂ ಮುಟ್ಟಿಸಬೇಡಿ, ಎಮರಿಯನ್ನೂ ಮುಟ್ಟಿಸಬೇಡಿ. ಅದು ಮೆದು, ನುಣುಪು ಗ್ಲಾಸ್ ಪೇಪರ್ ಒಂದೆರಡು ಸಲ ಎಳೆದರೆ ಸಾಕು. ಆಮೇಲೆ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ತಿರುಪುಗಳನ್ನು ಅಲ್ಲಾಡಿಸಬೇಡಿ. ಸ್ಕ್ರೂ ಕಂಡರೆ ತಿರುಗಿಸಬೇಕು ಎನ್ನುವ ಚಪಲ ನಮ್ಮ ಜನಕ್ಕೆ ಹುಟ್ಟಿನಿಂದಲೇ ಬಂದಿದೆ.

ಹುಬ್ಬಳ್ಳಿ ಹ್ಯಾಂಡಲ್

ಇರವಿ ಪಾಪ, ಲ್ಯೂಕಾಸ್ ಗಾಡಿ ಅಂತ ತಿಳೀದ ಹೊಕ್ಕಿತ್ತು.

ಕುವೆಂಪುನಗರದ ಅಂಬಿ

ತಿಂಗಳು ಬಿಟ್ಟು ಬರೀತಿದೀನಿ. ಪಾಯಿಂಟ್ ತಿಕ್ಕಿದ ಮೇಲೆ ರೇಸ್‌ನಲ್ಲಿ 13.9. ಹೆಡ್‌ಲೈಟ್ ಹಾಕಿದ್ರೂ 13.2 ನಿಲ್ಲುತ್ತೆ. ಐಡಲ್‌ನಲ್ಲಿ ಅದೇ ಕೆಂಪು ದೀಪ, ಈಗ ನೋಡಿ ಗಾಬರಿ ಆಗಲ್ಲ. ಸ್ಟೀರಿಯೋ ಹಳದಿ ವೈರು ಕಿತ್ತೆ. ಕಂಕನಾಡಿಯವರು ಹೇಳಿದ ಹಿತ್ತಾಳೆ ಸ್ವಿಚ್ ಹಾಕ್ಸಿದೆ. ಬ್ಯಾಟರಿ ಬದಲಾಯಿಸ್ಲಿಲ್ಲ. ಆರು ಆಂಪಿಯರ್‌ನಲ್ಲಿ ಒಂದು ಹಗಲು ಪೂರ್ತಿ ಚಾರ್ಜಿಗಿಟ್ಟೆ, ಸೆಲ್‌ಗಳಿಗೆ ಡಿಸ್ಟಿಲ್ಡ್ ವಾಟರ್ ತುಂಬಿದೆ. ಆಸಿಡ್ ಸಾಂದ್ರತೆ ಅಳೆಯೋ ಹೈಡ್ರೋಮೀಟರ್‌ನಲ್ಲಿ ಐದು ಸೆಲ್ 1.240, ಒಂದು ಮಾತ್ರ 1.220. ಹದಿನೈದು ದಿನಕ್ಕೊಮ್ಮೆ ರಾತ್ರಿ ಆಟೋಮ್ಯಾಟಿಕ್ ಚಾರ್ಜರ್ ಹಾಕ್ತೀನಿ. ಭಾನುವಾರ ತರಕಾರಿ ಮುಗಿಸ್ಕೊಂಡು ರಿಂಗ್ ರೋಡ್‌ನಲ್ಲಿ ಒಂದು ಸುತ್ತು ಹಾಕಿ ಬರ್ತೀನಿ, ಬಿಸಿಲಿರುವಾಗ, ಹೆಡ್‌ಲೈಟ್ ಇಲ್ಲದೆ. ಬೆಳಗಿನ ಕಾಫಿ ಈಗ ಗಾಡಿ ಪಕ್ಕ, ಎಂಜಿನ್ ಆಫ್.

ಇವತ್ತು ಆಯುಧಪೂಜೆ. ಬೀದಿ ಹುಡುಗರು ಅಭ್ಯಾಸಬಲದಿಂದ ಬಂದು ಹಿಂದೆ ಡಿಕ್ಕಿ ಹಿಡ್ಕೊಂಡು ನಿಂತಿದ್ರು. ಸೆಲ್ಫ್ ಮುಟ್ಟಿದ ಕೂಡ್ಲೇ ಎದ್ದು ಕೂತ್ಕೊಂಡ್ತು, ನಾಲ್ಕೂ ನಿಂಬೆಹಣ್ಣು ಪಚಕ್. ಹುಡುಗರಿಗೆ ಚುರುಮುರಿ ದುಡ್ಡು ಮಾತ್ರ ಹೋದ ವರ್ಷದಷ್ಟೇ ಕೊಡಬೇಕಾಯ್ತು.

ಬಸವನಗುಡಿ ರಾಯರು

ಸಂತೋಷ. ಆ 1.220 ಸೆಲ್ ಮೇಲೆ ಕಣ್ಣಿಡಿ. ಮುಂದಿನ ತಿಂಗಳು ಮತ್ತೆ ಅಳೆದು ಇಲ್ಲೇ ಬರೆಯಿರಿ. ಅದೊಂದೇ ಇನ್ನೂ ಇಳಿದಿದ್ದರೆ ಅಂಗಡಿಯವರು ಹೇಳಿದ್ದು ಅರ್ಧ ಸತ್ಯ ಎಂದುಕೊಳ್ಳೋಣ.

ಜೆಪಿ ನಗರ ಬೇಸ್‌ಮೆಂಟ್

ಎಲ್ಲ ಸರಿ, ನನ್ನ ಬೇಸ್‌ಮೆಂಟ್‌ನಲ್ಲಿ ಪ್ಲಗ್ ಪಾಯಿಂಟೇ ಇಲ್ಲವಲ್ಲ, ಸೋಲಾರ್ ಹಾಕೋಕೆ ಬಿಸಿಲೂ ಇಲ್ಲ. ಹದಿನೈದು ಕೆಜಿ ಬ್ಯಾಟರಿ ಲಿಫ್ಟ್‌ನಲ್ಲಿ ಒಂಬತ್ತನೇ ಮಹಡಿಗೆ ಒಯ್ತಿದ್ರೆ ಸೆಕ್ಯುರಿಟಿ ಅಣ್ಣ ಗುಮಾನಿಯಿಂದ ನೋಡ್ತಾನೆ. ಯಾರಾದ್ರೂ ಅಪಾರ್ಟ್‌ಮೆಂಟ್‌ನೋರು ಇದೀರಾ?